ಅಡಿಗಲ್ಲಿನ ಹೆಸರೂ ಮುಗಿದ ಕೆಲಸವೂ

ದಿಲ್ಲಿಯ ಹಳೆಯ ಸಂಸತ್ ಭವನಕ್ಕೆ 2023ರ ಸಪ್ಟೆಂಬರದಲ್ಲಿ ‘ಸಂವಿಧಾನ ಸದನ’ವೆಂದು ಹೆಸರಿಟ್ಟರು. ಆ ಭವನದ ಅಡಿಗಲ್ಲನ್ನು 1921ನೆಯ ಇಸವಿ ಫೆಬ್ರುವರಿ 12ರಂದು ಇಟ್ಟವನು ಕೊನಾಟದ ಡ್ಯೂಕನೆಂಬ ಆಂಗ್ಲ ರಾಜಪುತ್ರನು. ದಿಲ್ಲಿಯ ಒಂದು ಪೇಟೆಯ ಹೆಸರಿನಲ್ಲಿ ಹೊರತು ಅವನನ್ನು ಇಂದು ನೆನೆಯುವವರು ವಿರಳ. ಆದರೆ ಅವನು ಮಾಡಿದ ಉದ್ಯೋಗವು ಅವನೊಡನೆ ಅಳಿದಿಲ್ಲ. ಆದಕಾರಣ ಅವನ ಬಾಳನ್ನು ನಮ್ಮ ವಾಚಕರ ಮುಂದಿಡುವದು ಉಚಿತವೆಂದು ಬಗೆಯುತ್ತೇವೆ.

ವಿಕ್ಟೋರಿಯಾ ರಾಣಿಯ ಮೂರನೆಯ ಮಗನಾದ ಈತನು 1850ರ ಮೇ 1ರಂದು ಹುಟ್ಟಿದನು. ಅದೇ ದಿನ ವೆಲಿಂಗ್ಟನ್ ಡ್ಯೂಕನ ಹುಟ್ಟುಹಬ್ಬವೂ ಇದ್ದುದರಿಂದ ಶಿಶುವಿಗೆ ಆರ್ಥರನೆಂದು ಆತನ ಹೆಸರನ್ನೇ ಇಟ್ಟರು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲೆಸ್ಲಿಯೇ ಈ ವೆಲಿಂಗ್ಟನ್ನನು. ಹೀಗೆ ನಮ್ಮ ನಾಡಿನ ಸೋಲಿನೊಡನೆ ಹೆಣೆದುಕೊಂಡ ಹೆಸರೊಂದು ಆ ಕೂಸಿನ ಪಾಲಿಗೆ ಬಂದಿತು. ಬೆಳೆದು ಸೈನ್ಯ ಸೇರಿದನು. 1882ರಲ್ಲಿ ಈಜಿಪ್ತಿನ ಯುದ್ಧದಲ್ಲಿ ಒಂದು ದಳವನ್ನು ನಡೆಸಿದನು. 1886ರಿಂದ 1890ರ ವರೆಗೆ ಮುಂಬಯಿ ಸೈನ್ಯದ ಸೇನಾಪತಿಯಾಗಿದ್ದನು. 1911ರಿಂದ 1916ರ ವರೆಗೆ ಕೆನಡಾದ ಗವರ್ನರ್ ಜನರಲ್ಲನಾಗಿದ್ದು, 1942ರ ಜನೇವರಿಯಲ್ಲಿ ತೊಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡನು. ಪಟ್ಟವೇರುವ ಸರದಿ ಅವನಿಗೆ ಬರಲಿಲ್ಲ. ಪಟ್ಟದ ನೆರಳಿನಲ್ಲಿ ನಿಂತು, ಕಳಿಸಿದಲ್ಲಿಗೆ ಹೋಗಿ, ಕೊಟ್ಟ ಮಾತನ್ನು ಓದುವದೇ ಅವನ ಸಾರ್ವಜನಿಕ ಜೀವನದ ಬಹುಭಾಗವಾಯಿತು.

1921ರ ಆರಂಭದಲ್ಲಿ ಹೊಸ ಶಾಸನಸಭೆಗಳನ್ನು ತೆರೆಯುವದಕ್ಕಾಗಿ ಯುವರಾಜನ ಬದಲು ಈ ಎಪ್ಪತ್ತರ ವೃದ್ಧನನ್ನು ಹಿಂದುಸ್ತಾನಕ್ಕೆ ಕಳಿಸಿದರು. ಜಲಿಯನ್‌ವಾಲಾ ಬಾಗಿನ ರಕ್ತ ಚೆಲ್ಲಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಫೆಬ್ರುವರಿ 8ರಂದು ದಿಲ್ಲಿಯಲ್ಲಿ ಅವನು ಸಂಸ್ಥಾನಿಕರ ಮಂಡಲವನ್ನೂ, ಮರುದಿನ ಕೇಂದ್ರ ಶಾಸನಸಭೆಗಳನ್ನೂ ಉದ್ಘಾಟಿಸಿದನು. ಅಂದು ಓದಿದ ಅರಸನ ಸಂದೇಶದಲ್ಲಿ ‘ಸ್ವರಾಜ್ಯ’ವೆಂಬ ನಮ್ಮ ಶಬ್ದವೇ ಇದ್ದಿತು. ಅಮೃತಸರದ ನೆರಳು ದೇಶದ ಮೇಲೆ ಚಾಚಿರುವದೆಂದು ಡ್ಯೂಕನು ವ್ಯಸನಪಟ್ಟು, ಹಿಂದಿನ ತಪ್ಪುಗಳನ್ನು ಮರೆತು ಒಂದಾಗಿರೆಂದು ಬೇಡಿಕೊಂಡನು. ಮಾತು ಹೃದಯದಿಂದ ಬಂದುದೆಂದು ನಾವು ನಂಬುತ್ತೇವೆ. ಆದರೆ ನೊಂದವರಿಗೆ ನ್ಯಾಯ ಕೊಡುವ ಅಧಿಕಾರ ಅವನ ಕೈಯಲ್ಲಿರಲಿಲ್ಲ. ಅಧಿಕಾರವಿದ್ದವರು ಅವನ ಸೌಜನ್ಯವನ್ನು ಮುಂದೆ ಮಾಡಿ ತಾವು ಹಿಂದೆ ನಿಂತಿದ್ದರು.

ಮಹಾತ್ಮಾ ಗಾಂಧಿಯವರು ಇದನ್ನು ಚೆನ್ನಾಗಿ ಅರಿತಿದ್ದರು. ಕಾಂಗ್ರೆಸ್ಸು ಆ ಸವಾರಿಯನ್ನು ಬಹಿಷ್ಕರಿಸಿತು. ಗಾಂಧಿಯವರು ಡ್ಯೂಕನಿಗೆ ಬಹಿರಂಗ ಪತ್ರ ಬರೆದು, ಈ ಅಸಹಕಾರವು ಅವನ ವ್ಯಕ್ತಿಯ ಮೇಲಲ್ಲ, ಅವನು ಪ್ರತಿನಿಧಿಸುವ ಪದ್ಧತಿಯ ಮೇಲೆ ಎಂದು ತಿಳಿಸಿದರು. ಮನುಷ್ಯನಿಗೆ ಗೌರವ, ಪದ್ಧತಿಗೆ ಪ್ರತಿಭಟನೆ! ಈ ವಿವೇಕವನ್ನು ನಮ್ಮ ಇಂದಿನ ರಾಜಕಾರಣಿಗಳು ಕಲಿತರೆ ಎಷ್ಟು ಚೆನ್ನು!

ನಮ್ಮ ಶಿರಗುಪ್ಪಿ, ಕಾಗವಾಡ, ಶೇಡಬಾಳಗಳ ಸೀಮೆಗೆ ಇದರ ಸಂಬಂಧವೇನೆಂದು ವಾಚಕರು ಕೇಳಬಹುದು. ಕೃಷ್ಣೆಯ ಈ ದಂಡೆಯ ಪ್ರದೇಶದಲ್ಲಿ ಒಂದು ಕಾಲಕ್ಕೆ ಮುಂಬಯಿ ಸರಕಾರದ ಊರುಗಳೂ ಪಟವರ್ಧನ ಸಂಸ್ಥಾನಿಕರ ಊರುಗಳೂ ಹಾಸುಹೊಕ್ಕಾಗಿದ್ದವು. ಮಿರಜ, ಸಾಂಗಲಿ, ಕುರುಂದವಾಡ, ಜಮಖಂಡಿಗಳ ಗಾದಿಗಳು ಕೂಗಳತೆಯಲ್ಲಿದ್ದವು. ಡ್ಯೂಕನು ತೆರೆದ ಮುಂಬಯಿ ಶಾಸನಸಭೆಯೂ ಸಂಸ್ಥಾನಿಕರ ಮಂಡಲವೂ ನಮ್ಮ ಹಿರಿಯರನ್ನು ಆಳಿದವರ ಸಭೆಗಳೇ. ಶಾಸನಸಭೆಗೆ ಮತ ಕೊಡುವ ಹಕ್ಕು ಆಸ್ತಿಯುಳ್ಳ ಕೆಲವರದು. ಮಂಡಲದಲ್ಲಂತೂ ಪ್ರಜೆಗೆ ಸ್ಥಾನವೇ ಇರಲಿಲ್ಲ. ಮಂಡಲವು 1947ರಲ್ಲಿ ಮುಗಿಯಿತು. ಮುಂದಿನ ವರ್ಷ ಮಾರ್ಚಿನಲ್ಲಿ ಪಟವರ್ಧನರ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಸಂಸತ್ ಭವನ ಮಾತ್ರ ಉಳಿಯಿತು. ಉಳಿದದ್ದು ಡ್ಯೂಕನ ಕೈಗುಣದಿಂದಲ್ಲ. ಅದನ್ನು ಕಟ್ಟಿದ ಕೂಲಿಗಳ ಬೆವರಿನಿಂದ ಉಳಿಯಿತು. ಅಲ್ಲಿಯೇ ಕುಳಿತು ರಾಜ್ಯಘಟನೆಯನ್ನು ರಚಿಸಿ, ಪ್ರತಿಯೊಬ್ಬ ವಯಸ್ಕನಿಗೂ ಮತದ ಹಕ್ಕು ಕೊಟ್ಟವರಿಂದ ಅದಕ್ಕೆ ಬೆಲೆ ಬಂದಿತು.

ರಾಜಪುತ್ರರು ಹೋದರು, ಅಡಿಗಲ್ಲಿಡುವ ಹವ್ಯಾಸ ಹೋಗಲಿಲ್ಲ. ಇಂದು ಮಂಟಪ, ಹಾರ, ಶಾಲು, ಶಿಲಾಫಲಕಗಳಿಲ್ಲದೆ ಒಂದು ಗಟಾರದ ಕೆಲಸವೂ ಆರಂಭವಾಗದು. ಫಲಕದಲ್ಲಿ ಮಂತ್ರಿಗಳ ಹೆಸರು, ಶಾಸಕರ ಹೆಸರು, ಅಧ್ಯಕ್ಷರ ಹೆಸರು ಮೇಲೆ ಕೆಳಗೆ ಸಾಲಾಗಿ ಕೂಡುವವು. ಕೆಲಸ ಯಾವಾಗ ಮುಗಿಯುವದೆಂಬುದಕ್ಕೆ ಜಾಗವೇ ಸಾಲದು! 2005, 2019, 2021ರ ಮಹಾಪೂರಗಳಲ್ಲಿ ಕೃಷ್ಣೆಯು ಈ ತಾಲೂಕುಗಳ ದಂಡೆಯ ಹಳ್ಳಿಗಳಿಗೆ ನುಗ್ಗಿದಾಗ ದೊಡ್ಡವರು ಬಂದರು, ಸಮಾಧಾನದ ಮಾತಾಡಿದರು. ಮನೆ ಕಳಕೊಂಡವನಿಗೆ ಸಮಾಧಾನ ಬೇಕು, ನಿಜ. ಆದರೆ ಕೈಯಲ್ಲಿ ಅಧಿಕಾರವಿಲ್ಲದ ಡ್ಯೂಕನು ಬರಿ ಮಾತಾಡಿದರೆ ಕ್ಷಮಿಸಬಹುದು. ನಮ್ಮ ಮತದಿಂದಲೇ ಅಧಿಕಾರ ಪಡೆದವರು ಬರಿ ಮಾತಾಡಿದರೆ ಕ್ಷಮಿಸುವದೆಂತು?

ನಾವು ಕೇಳುವದು ದೊಡ್ಡದೇನಲ್ಲ. ಪ್ರತಿಯೊಂದು ಅಡಿಗಲ್ಲಿನ ಮೇಲೆ ಕೆಲಸದ ವೆಚ್ಚವನ್ನೂ, ಮುಗಿಸತಕ್ಕ ದಿನಾಂಕವನ್ನೂ, ಹೊಣೆಗಾರ ಅಧಿಕಾರಿಯ ಹುದ್ದೆಯನ್ನೂ ಕೊರೆಯಿಸಬೇಕು. ಮೊದಲಿನದು ಮುಗಿಯದೆ ಅದೇ ಊರಲ್ಲಿ ಅದೇ ಖಾತೆಯ ಎರಡನೆಯ ಸಮಾರಂಭ ಕೂಡದು. ಅಧಿಕಾರಿಗಳು ಇದನ್ನು ಅಪಮಾನವೆಂದು ಎಣಿಸಬೇಕಾಗಿಲ್ಲ. ನೆಟ್ಟಗೆ ದುಡಿಯುವವನಿಗೆ ದಿನಾಂಕವು ಭೂಷಣವೇ ಸರಿ. ಗ್ರಾಮಸಭೆಯಲ್ಲಿ ಕೂಡುವ ನಾಗರಿಕರೂ ಹಾರ ಹಾಕುವ ಮುಂಚೆ ಈ ದಿನಾಂಕವನ್ನು ಕೇಳುವ ರೂಢಿ ಮಾಡಿಕೊಳ್ಳಲಿ. ಪ್ರಜಾರಾಜ್ಯದಲ್ಲಿ ಗೌರವವು ಕಲ್ಲಿಟ್ಟವನಿಗಲ್ಲ, ಕೆಲಸ ಮುಗಿಸಿದವನಿಗೆ ಸಲ್ಲತಕ್ಕದ್ದು.