ಕಾರಿನ ಬಾಯಿ ಮುಚ್ಚಿಸುವ ಕ್ಲಿಪ್ಪು!

ಸೋದರಮಾವನಿಂದ ಬಳುವಳಿಯಾಗಿ ಬಂದ ಮಾರುತಿ 800 ಗಾಡಿಯನ್ನು ಹತ್ತು ವರ್ಷ ಓಡಿಸಿದೆ. ಕಳೆದ ದೀಪಾವಳಿಗೆ ಅದನ್ನು ಮಾರಿ, ಕೈಗೆ ಬಂದ ಕಾಸಿಗೆ ಇನ್ನೊಂದಿಷ್ಟು ಸಾಲ ಸೇರಿಸಿ, 2020ರ ಮಾಡೆಲ್ಲಿನ ಕಾರೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಪತ್ರಿಕೆಯವರಿಗೆಲ್ಲಿಂದ ದುಡ್ಡು ಬಂತು ಅಂತ ಕೇಳುವವರು ಬ್ಯಾಂಕಿನ ಕಂತಿನ ಚೀಟಿ ನೋಡಬಹುದು. ಇನ್ನೂ ಐವತ್ತು ಕಂತು ಬಾಕಿ ಇದೆ ಸ್ವಾಮಿ!

ಹಳೇ ಗಾಡಿಯ ಗುಣವೇ ಬೇರೆ. ಕೆಟ್ಟರೆ ನಮ್ಮ ಗ್ಯಾರೇಜಿನ ಮೇಸ್ತ್ರಿ ಬೀಡಿ ಕಚ್ಚಿಕೊಂಡು ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, ಒಂದು ಸ್ಕ್ರೂಡ್ರೈವರಿನಲ್ಲಿ ಕಾಯಿಲೆ ವಾಸಿ ಮಾಡುತ್ತಿದ್ದ. ಹೊಸದಕ್ಕೆ ಹಳದಿ ದೀಪ ಹತ್ತಿತೆಂದು ಕರೆದುಕೊಂಡು ಹೋದರೆ, ಬಾನೆಟ್ ಎತ್ತಿ ನೋಡಿದವನೇ ಇಳಿಸಿಬಿಟ್ಟ. "ಅಣ್ಣಾರೆ, ಇದು ನನ್ ಕೈಗೆ ಬರಂಗಿಲ್ಲ. ಸ್ಕ್ಯಾನರ್ ಇಟ್ಟೋರ ಹತ್ರ ಹೋಗ್ರಿ. ಅದು ಕಂಪ್ಯೂಟರ್ ಹತ್ರ ಮಾತ್ರ ಮಾತಾಡ್ತೈತೆ" ಅಂದ. ಸುಖವೂ ಇಲ್ಲವೆಂದಲ್ಲ. ಸ್ಟೇರಿಂಗ್ ಒಂದು ಬೆರಳಲ್ಲಿ ತಿರುಗುತ್ತದೆ, ಬೇಸಿಗೆಯಲ್ಲಿ ಏಸಿ ತಣ್ಣಗೆ ಬೀಸುತ್ತದೆ, ಮಳೆಗಾಲದಲ್ಲಿ ಕಾಲ ಬುಡಕ್ಕೆ ನೀರು ಬರುವುದಿಲ್ಲ.

ಆದರೆ ಈ ಗಾಡಿ ಕೂಗುತ್ತದೆ!

ಎಲ್ಲದಕ್ಕೂ ಕೀಂ ಕೀಂ

ಬೆಲ್ಟು ಹಾಕದೆ ಹೊರಟರೆ ಕೂಗು. ರಿವರ್ಸ್ ಹಾಕಿದರೆ ಕೂಗು. ಹೆದ್ದಾರಿಯಲ್ಲಿ ವೇಗ 80 ದಾಟಿದರೆ ಆಗಾಗ ಕೂಗು, 120 ದಾಟಿದರೆ ಬಿಡುವಿಲ್ಲದ ಕೂಗು. ಮಂಡಿಪೇಟೆಯೊಳಗೆ ಗಾಡಿ ಹಿಂದಕ್ಕೆ ತೆಗೆದು ನೋಡಿ. ಹಿಂದೆ ಸೈಕಲ್ಲು, ಪಕ್ಕದಲ್ಲಿ ಕೈಗಾಡಿ, ಅದರಾಚೆ ಬಿಡಾಡಿ ದನ. ಸೆನ್ಸರಿಗೆ ಉಸಿರು ಬಿಡಲಿಕ್ಕೂ ಪುರುಸೊತ್ತಿಲ್ಲ. ಮುಂದಿನ ಎಡ ಸೀಟಿನಲ್ಲಿ ಮಂಡಕ್ಕಿ ಚೀಲ ಇಟ್ಟರೆ ಸುಮ್ಮನಿರುತ್ತದೆ. ತೆಂಗಿನಕಾಯಿ ಚೀಲ ಇಟ್ಟರೆ ಮನುಷ್ಯ ಕೂತಿದ್ದಾನೆಂದು ತಿಳಿದು, ಅದಕ್ಕೂ ಬೆಲ್ಟು ಹಾಕು ಅಂತ ಪ್ರಾಣ ತಿನ್ನುತ್ತದೆ. ಒಂದು ವಾರ ಕೇಳಿದ ನನ್ನ ಹೆಂಡತಿ, "ಇದಕ್ಕಿಂತ ನಿಮ್ಮಮ್ಮನೇ ವಾಸಿ ಬಿಡ್ರಿ, ಅವರು ಊಟದ ಹೊತ್ತಿಗಾದ್ರೂ ಸುಮ್ಮನಿರ್ತಾರೆ" ಅಂದಳು.

ಇದು ಕಂಪನಿಯವರ ಶೋಕಿಯಲ್ಲ. 2019ರ ಜುಲೈ 1ರಿಂದ ದೇಶದಲ್ಲಿ ತಯಾರಾಗುವ ಕಾರುಗಳಿಗೆ ಚಾಲಕನ ಏರ್‌ಬ್ಯಾಗು, ಮುಂದಿನ ಎರಡೂ ಸೀಟಿಗೆ ಬೆಲ್ಟಿನ ಎಚ್ಚರಿಕೆ, ವೇಗದ ಎಚ್ಚರಿಕೆ, ಹಿಂದಕ್ಕೆ ತೆಗೆಯುವಾಗ ಸೆನ್ಸರ್ ಇರಲೇಬೇಕೆಂದು ಸರ್ಕಾರವೇ ನಿಯಮ ಮಾಡಿದೆ. ಅದಕ್ಕೆ ಮುಂಚಿನ ಗಾಡಿ ಓಡಿಸಿ ರೂಢಿಯಾದವರಿಗೆ ಇದು ಹೊಸ ಸೊಸೆಗೆ ಹಳೇ ಅತ್ತೆ ಸಿಕ್ಕಂತೆ.

ನೂರು ರೂಪಾಯಿಯ ಔಷಧಿ

ಈ ಕಾಯಿಲೆಗೆ ಔಷಧಿಯೂ ಇದೆ. ಕಾರಿನ ಸೀಟ್ ಕವರು, ಮ್ಯಾಟು ಮಾರುವ ಅಂಗಡಿಯೊಂದಕ್ಕೆ ಹೋಗಿದ್ದೆ. ನನ್ನ ಗೋಳು ಕೇಳಿದ ಹುಡುಗ ನಗುತ್ತಾ ಡಬ್ಬಿಯಿಂದ ಎರಡು ಕ್ಲಿಪ್ಪು ತೆಗೆದ. ನೋಡಲಿಕ್ಕೆ ಬೆಲ್ಟಿನ ನಾಲಿಗೆಯ ಹಾಗೇ ಇದೆ, ಆದರೆ ಬೆಲ್ಟು ಇಲ್ಲ. ಅದನ್ನು ಬಕಲ್ಲಿಗೆ ಚುಚ್ಚಿದರೆ ಸಾಕು, ಬೆಲ್ಟು ಹಾಕಿದ್ದಾರೆಂದು ಗಾಡಿ ನಂಬುತ್ತದೆ. "ಜೋಡಿ ನೂರು ರೂಪಾಯಿ ಸಾರ್. ದಿನಾ ಹೋಗ್ತೈತೆ" ಅಂದ. ನಾನೂ ಒಂದು ಜೋಡಿ ತಂದೆ. ಸುಳ್ಳು ಹೇಳುವುದಿಲ್ಲ, ಮನೆಯವರೆಗೆ ಸದ್ದಿಲ್ಲದೆ ಬಂದಾಗ ಸ್ವರ್ಗಕ್ಕೆ ಮೂರೇ ಗೇಣು ಅನ್ನಿಸಿತು.

ಎರಡು ವಾರ ಕಳೆಯಿತು. ಒಂದು ಸೋಮವಾರ ಅಮ್ಮನನ್ನು ಹರಿಹರೇಶ್ವರನ ದರ್ಶನಕ್ಕೆ ಹರಿಹರಕ್ಕೆ ಕರೆದುಕೊಂಡು ಹೊರಟೆ. ಅಮ್ಮನಿಗೆ ಮುಂದಿನ ಸೀಟೇ ಆಗಬೇಕು. ದೊಡ್ಡಬಾತಿ ಹತ್ತಿರ ಮುಂದಿದ್ದ ಲಗೇಜ್ ಆಟೋದವನು ಹಂಪ್ ಕಂಡು ಗಕ್ಕನೆ ನಿಂತ. ನಾನೂ ಬ್ರೇಕ್ ತುಳಿದೆ. ಬ್ರೇಕಿನದು ತಪ್ಪಿಲ್ಲ, ಕಾಲಡಿಯಲ್ಲಿ ಗಡಗಡ ಅಂದು, ಆಟೋಕ್ಕೆ ಒಂದು ಮೊಳ ಇರುವಂತೆ ಗಾಡಿ ನಿಂತಿತು. ಗಾಡಿ ನಿಂತಿತು, ನಾವು ನಿಲ್ಲಲಿಲ್ಲ. ನನ್ನ ಎದೆ ಸ್ಟೇರಿಂಗಿಗೆ, ಅಮ್ಮನ ಹಣೆ ಡ್ಯಾಶ್‌ಬೋರ್ಡಿಗೆ.

ದೇವರು ದೊಡ್ಡವನು. ಹಣೆ ಮೇಲೆ ನಿಂಬೆಹಣ್ಣಿನಷ್ಟು ಬುಗುಟು, ಒಂದು ಹಲ್ಲು ಸಡಿಲ, ಅಷ್ಟಕ್ಕೆ ಮುಗಿಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಸೆರಗಿನಿಂದ ಹಣೆ ಒತ್ತಿಕೊಂಡು ಕೂತ ಅಮ್ಮ ಬೈಯಲಿಲ್ಲ. "ದಿನಾ ಅದು ಕೂಗ್ತಿತ್ತು, ನಾನು ಪಟ್ಟಿ ಹಾಕ್ಕೊಂತಿದ್ದೆ. ಈಗೀಗ ಯಾಕೋ ಕೂಗೋದೇ ಇಲ್ಲವಲ್ಲೋ ಮಗನೇ" ಅಂದಳು.

ಕ್ಲಿಪ್ಪಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಹೇಳುವ ಬಾಯಿ ನನಗೂ ಇರಲಿಲ್ಲ.

ಲೆಕ್ಕ ಸುಳ್ಳಾಡುವುದಿಲ್ಲ

ಪಿಯುಸಿಯನ್ನು ಅರ್ಧಕ್ಕೆ ಬಿಟ್ಟವನು ನಾನು. ಆದರೂ ಇಷ್ಟು ಲೆಕ್ಕ ಬರುತ್ತದೆ. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಹನ್ನೊಂದು ಮೀಟರ್, ಅಂದರೆ ಮೂವತ್ತಾರು ಅಡಿ. ಬ್ರೇಕು ಹಿಡಿಯುವುದು ಚಕ್ರವನ್ನು, ಒಳಗೆ ಕೂತ ಮನುಷ್ಯನನ್ನಲ್ಲ. ಅವನನ್ನು ಹಿಡಿಯಬೇಕಾದದ್ದು ಬೆಲ್ಟು. ಏರ್‌ಬ್ಯಾಗ್ ಇದೆಯಲ್ಲ ಅಂತ ಕೆಲವರ ವಾದ. ಏರ್‌ಬ್ಯಾಗು ಬೆಲ್ಟಿಗೆ ಸಹಾಯಕ, ಬದಲಿಯಲ್ಲ. ಬೆಲ್ಟಿಲ್ಲದೆ ಮುಂದಕ್ಕೆ ನುಗ್ಗಿದವನ ಮುಖಕ್ಕೆ ಅದು ಸ್ಫೋಟಿಸಿದರೆ ಅದರಿಂದಲೇ ಪೆಟ್ಟಾದೀತು.

ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳ ಮೇಲೆ ಸತ್ತವರು 1,68,491 ಮಂದಿ. ಅದರಲ್ಲಿ ಬೆಲ್ಟು ಹಾಕದೆ ಸತ್ತವರು 16,715. ಅವರಲ್ಲಿ 8,384 ಮಂದಿ ಚಾಲಕರು, 8,331 ಮಂದಿ ಪ್ರಯಾಣಿಕರು. ಹೆಚ್ಚುಕಮ್ಮಿ ಅರ್ಧಕ್ಕರ್ಧ! ಓಡಿಸುವವನು ತನ್ನ ಜೀವಕ್ಕೆ ತಾನೇ ಧಣಿ ಅಂದುಕೊಳ್ಳಲಿ. ಪಕ್ಕದಲ್ಲಿ, ಹಿಂದೆ ಕೂತವರ ಜೀವ ಯಾರದು? ಅದೇ 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದೂ ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕೂತಿದ್ದಾಗಲೇ ಎಂದು ಪೊಲೀಸರು ಹೇಳಿದ್ದರು. ದುಬಾರಿ ಕಾರಿನಲ್ಲಿ ಹೋಗುವವರ ಕಥೆಯೇ ಹೀಗಾದರೆ ನಮ್ಮ ನಿಮ್ಮ ಪಾಡೇನು?

ನಾವು ಬಸ್ಸಿನವರು, ನಮಗ್ಯಾಕಪ್ಪಾ ಕಾರಿನ ಪುರಾಣ ಅಂತ ಬಸ್ ಸ್ಟ್ಯಾಂಡಿನಲ್ಲಿ ಈ ಪೇಪರು ಹಿಡಿದವರು ಕೇಳಬಹುದು. ಸ್ವಾಮಿ, ನೀವು ಕಾರು ಕೊಳ್ಳದಿರಬಹುದು, ಹತ್ತದೆ ಇರುತ್ತೀರಾ? ಮದುವೆಗೆ, ತಿಥಿಗೆ, ಆಸ್ಪತ್ರೆಗೆ ಬಾಡಿಗೆ ಗಾಡಿಯಲ್ಲಿ ಹೋಗುತ್ತೀರಿ. ಹಿಂದಿನ ಸೀಟಿನಲ್ಲಿ ಮೂವರ ಜಾಗಕ್ಕೆ ಐವರು, ತೊಡೆ ಮೇಲೊಂದು ಕೂಸು. ಹಿಂದಿನವರಿಗೂ ಬೆಲ್ಟು ಕಡ್ಡಾಯ, 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟು ಇಲ್ಲವೇ ಅವರದೇ ಸೀಟು ಬೇಕು ಅಂತ ಕಾನೂನು ಹೇಳುತ್ತದೆ. ಮುಂದಿನ ಸೀಟು ನಿಮ್ಮ ಪಾಲಿಗೆ ಬಂದ ದಿನ ಬಕಲ್ಲಿನ ಕಡೆ ಒಮ್ಮೆ ನೋಡಿ. ಅಲ್ಲಿ ಬೆಲ್ಟಿಲ್ಲದ ಕ್ಲಿಪ್ಪು ಚುಚ್ಚಿದ್ದರೆ ಕಿತ್ತು ಡ್ರೈವರಿನ ಕೈಗೆ ಕೊಡಿ. ಬಾಡಿಗೆ ಕೊಡುವವರು ನೀವು, ಸಂಕೋಚ ಬೇಡ.

ಅಂಗಡಿಯವರಿಗೆ ಒಂದು ಮಾತು

ಈ ಕ್ಲಿಪ್ಪು ಮಾರುವುದು ತಪ್ಪೆಂದು ನಾನೊಬ್ಬನೇ ಹೇಳುತ್ತಿಲ್ಲ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಆನ್‌ಲೈನಿನಲ್ಲಿ ಮಾರುವ ಐದು ಸಂಸ್ಥೆಗಳಿಗೆ ಆದೇಶ ಕೊಟ್ಟು, ಇಂಥ 13,118 ಜಾಹೀರಾತು ತೆಗೆಸಿತು. ಅಪಘಾತವಾದಾಗ ಕ್ಲಿಪ್ಪು ಸಿಕ್ಕರೆ, ನಿರ್ಲಕ್ಷ್ಯ ಅಂತ ಹೇಳಿ ವಿಮೆ ಕಂಪನಿ ಪರಿಹಾರಕ್ಕೆ ಅಡ್ಡಗಾಲು ಹಾಕಬಹುದು ಎಂದೂ ಪ್ರಾಧಿಕಾರ ಎಚ್ಚರಿಸಿದೆ. ಫೋನಿನಲ್ಲಿ ತೆಗೆಸಿದ ಮಾಲು ನಮ್ಮೂರಿನ ಡಬ್ಬಿಯಲ್ಲಿ ಇನ್ನೂ ಕೂತಿದೆ, ಅಷ್ಟೇ.

ವ್ಯಾಪಾರ ಮಾಡುವವರ ಹೊಟ್ಟೆ ಮೇಲೆ ಹೊಡೆಯುವುದು ನನ್ನ ಉದ್ದೇಶವಲ್ಲ. ಸೀಟ್ ಕವರು ಮಾರಿ, ಮ್ಯಾಟು ಮಾರಿ, ಡ್ಯಾಶ್‌ಬೋರ್ಡಿನ ಗಣಪತಿಯನ್ನೂ ಮಾರಿ. ಆದರೆ ಗಣಪತಿಯ ಜೊತೆಗೆ ಕ್ಲಿಪ್ಪನ್ನೂ ಕೊಟ್ಟು ಕಳಿಸಿದರೆ ಆತನಾದರೂ ಏನು ಮಾಡಿಯಾನು? ಅಂಗಡಿಯವರೇ ಸೇರಿ ಇದನ್ನು ಮಾರುವುದಿಲ್ಲವೆಂದು ತೀರ್ಮಾನಿಸಿದರೆ ಊರಿನ ಮರ್ಯಾದೆ ಉಳಿದೀತು.

ಪೊಲೀಸರಿಗೂ ಒಂದು ಅರಿಕೆ. ಬೆಲ್ಟಿಲ್ಲದ್ದಕ್ಕೆ 2019ರ ತಿದ್ದುಪಡಿ ಸಾವಿರ ರೂಪಾಯಿ ದಂಡ ಹಾಕಿತು, ಅದೇ ವರ್ಷ ನಮ್ಮ ರಾಜ್ಯ ಅದನ್ನು 500ಕ್ಕೆ ಇಳಿಸಿತು. ಮೊತ್ತದ ಜಗಳ ಬೇಡ. ಪೊಲೀಸರನ್ನು ಕಂಡಾಗ ಬೆಲ್ಟನ್ನು ಎದೆ ಮೇಲೆ ಎಳೆದುಕೊಂಡು, ದಾಟಿದ ಮೇಲೆ ಬಿಡುವವರು ಬಹಳ. ಗಾಜಿನಿಂದ ಇಣುಕಿ ರಸೀದಿ ಹರಿಯುವ ಬದಲು, ಬಾಗಿಲು ತೆಗೆಸಿ ಬಕಲ್ಲು ನೋಡಿ. ಕ್ಲಿಪ್ಪು ಸಿಕ್ಕರೆ ಅಲ್ಲೇ ಕಿತ್ತುಕೊಳ್ಳಿ. ಡ್ರೈವಿಂಗ್ ಸ್ಕೂಲಿನವರು ಎಂಟು ಹಾಕಿಸುವುದರ ಜೊತೆಗೆ, ಈ ಕೂಗು ಯಾಕೆ ಅಂತ ಐದು ನಿಮಿಷ ಹೇಳಿಕೊಟ್ಟರೆ ಅವರ ಗಂಟೇನೂ ಹೋಗುವುದಿಲ್ಲ.

ನನ್ನ ಜೋಡಿ ಕ್ಲಿಪ್ಪನ್ನು ಚರಂಡಿಗೆ ಎಸೆದಿದ್ದೇನೆ. ಗಾಡಿ ಮತ್ತೆ ಕೂಗುತ್ತದೆ, ಅಮ್ಮ ಮತ್ತೆ ಪಟ್ಟಿ ಹಾಕಿಕೊಳ್ಳುತ್ತಾಳೆ. ಕ್ಲಿಪ್ಪಿನ ಸಂಗತಿ ಮಾತ್ರ ಅವಳಿಗೆ ಇಂದಿಗೂ ಹೇಳಿಲ್ಲ. ಈ ಸಂಜೆ ಪಕ್ಕದ ಮನೆಯವರು ಪೇಪರು ಓದಿ ಹೇಳುತ್ತಾರೆ, ಆಮೇಲೆ ಬೈಗುಳ ತಿನ್ನಲು ನಾನು ಸಿದ್ಧ. ನಮ್ಮೂರಿನ ಉಳಿದ ಕ್ಲಿಪ್ಪುಗಳ ಗತಿಯೇನು? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?