ಉಸಿರಿನ ಲೆಕ್ಕ

ವಿಮಾನದಲ್ಲಿ ಕುಳಿತವನ ಉಸಿರಿಗೆ ಲೆಕ್ಕವಿದೆ. ಬಹುಪಾಲು ವಿಮಾನಗಳಲ್ಲಿ ಎಂಜಿನ್ನಿನ ಮೂಲಕ ಬಂದ ಹೊರಗಾಳಿ ಅರ್ಧ, ಸೋಸಿದ ಒಳಗಾಳಿ ಅರ್ಧ ಬೆರೆತು, ಎರಡು ಮೂರು ನಿಮಿಷಕ್ಕೊಮ್ಮೆ ಗಾಳಿ ಹೊಸದಾಗುತ್ತದೆ. 2018ರ ಸೆಪ್ಟೆಂಬರ್ 20ರಂದು ಮುಂಬಯಿಯಿಂದ ಜಯಪುರಕ್ಕೆ ಹೊರಟ ಜೆಟ್ ಏರ್‌ವೇಸ್ ವಿಮಾನದಲ್ಲಿ ಈ ಗಾಳಿಯ ಗುಂಡಿ ಒತ್ತುವುದನ್ನೇ ಮರೆತರು. ಒತ್ತಡ ಇಳಿದು ಸುಮಾರು 30 ಮಂದಿಗೆ ಕಿವಿ, ಮೂಗುಗಳಲ್ಲಿ ರಕ್ತ ಬಂತು. ವಿಮಾನ ಹಿಂದಿರುಗಿತು, ತನಿಖೆಯಾಯಿತು. ಆಗಬೇಕಾದದ್ದೇ.

ಮಲ್ಕಾಜ್‌ಗಿರಿಯ ಹೋಟೆಲಿನ ಹಿಂಬದಿಯಲ್ಲಿ ದೋಸೆಕಲ್ಲಿನ ಮುಂದೆ ನಿಂತ ನಮ್ಮ ಬಂಧುವಿನ ಉಸಿರಿನ ಲೆಕ್ಕ ಇಟ್ಟವರಾರು? 1948ರ ಕಾರ್ಖಾನೆ ಕಾಯಿದೆ ಹೊಸ ಗಿರಣಿಗಳಲ್ಲಿ ಆಳೊಬ್ಬನಿಗೆ 500 ಘನ ಅಡಿ ಜಾಗ ಗೊತ್ತುಮಾಡಿತು. 1976ರ ತಿದ್ದುಪಡಿಯು ಹೋಟೆಲನ್ನು ಕಾರ್ಖಾನೆಯೆಂಬ ಅರ್ಥದಿಂದಲೇ ಹೊರಗಿಟ್ಟಿತು. ಒಗ್ಗರಣೆಯ ಹೊಗೆ ಹೊಗೆಯಲ್ಲವೆಂದೋ ಏನೋ! 2020ರ ಸಂಹಿತೆಯ ಗಾಳಿಯ ನಿಯಮವೂ ಹತ್ತು ಮಂದಿ ದುಡಿಯುವಲ್ಲಿಂದಲೇ ಆರಂಭ. ಆರೇಳು ಮಂದಿಯ ಹೋಟೆಲಿಗೆ ಅದು ತಾಕದು.

ಮಾಲೀಕರಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ. ಒಲೆಯ ಮೇಲೆ ಹೊಗೆ ಸೆಳೆಯುವ ಫ್ಯಾನು, ಎದುರು ಗೋಡೆಯಲ್ಲಿ ಗಾಳಿ ಬರಲು ಕಿಂಡಿ. ಕಿಂಡಿಯಿಲ್ಲದ ಫ್ಯಾನು ಸದ್ದು ಮಾಡೀತೇ ಹೊರತು ಹೊಗೆ ಸೆಳೆಯದು. ಇವೆರಡೂ ಇಲ್ಲದ ಅಡಿಗೆಮನೆಗಳ ಬಂಧುಗಳು ಸಂಘಕ್ಕೆ ತಿಳಿಸಲಿ. ಮಾಲೀಕರನ್ನು ನಾವು ಕಾಣುತ್ತೇವೆ.