ಇಂಗ್ಲಿಷ್ ಬಂದರೆ ಐಇಎಲ್‌ಟಿಎಸ್ ಬಂದಂತಲ್ಲ

ಇಂಗ್ಲಿಷ್‌ನಲ್ಲೇ ನರ್ಸಿಂಗ್ ಓದಿದವರಿಗೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ತಯಾರಿ ಬೇಡ, ಮಂಗಳೂರಿನ ಕೊಟ್ಟಾರದಂಥ ಕಡೆ ಕೋಚಿಂಗ್‌ಗೆ ಹೋಗುವುದು ದುಡ್ಡು ದಂಡ ಎಂಬ ವಾದವಿದೆ. ದುಡ್ಡಿನ ಮಾತು ಒಪ್ಪತಕ್ಕದ್ದೇ, ಉಳಿದದ್ದು ನಿಲ್ಲುವುದಿಲ್ಲ.

ಬ್ರಿಟನ್‌ನ ನರ್ಸಿಂಗ್ ಮಂಡಳಿ ಕೇಳುವುದು ಓದು, ಆಲಿಕೆ, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5. ಸರಾಸರಿ ಚೆನ್ನಾಗಿದ್ದರೆ ಸಾಲದು. ಆಲಿಕೆಯ ಧ್ವನಿಮುದ್ರಣ ಕೇಳಿಸುವುದು ಒಮ್ಮೆ ಮಾತ್ರ. ಓದಿಗೆ 60 ನಿಮಿಷ, 40 ಪ್ರಶ್ನೆ. ಬರವಣಿಗೆಯಲ್ಲಿ ಒಂದೇ ಗಂಟೆಯೊಳಗೆ ಗ್ರಾಫೋ ಕೋಷ್ಟಕವೋ ನೋಡಿ ಕನಿಷ್ಠ 150 ಪದ, ಮೇಲೆ 250 ಪದಗಳ ಪ್ರಬಂಧ. ನೋಟ್ಸ್ ಉರು ಹೊಡೆದು ಪಾಸಾದವರಿಗೆ ಇದು ಹೊಸ ಕೆಲಸವೇ. ವಾರ್ಡಿನಲ್ಲಿ ರೋಗಿಯೊಡನೆ ಆಡುವುದಂತೂ ತುಳು, ಕನ್ನಡ.

ಊರಿನ ಉಚ್ಚಾರಕ್ಕೆ ಅಂಕ ಕಡಿತ ಎಂಬ ಭಯ ಮಾತ್ರ ಸುಳ್ಳು, ನೋಡುವುದು ಸ್ಪಷ್ಟತೆಯನ್ನು. ಆಲಿಕೆ, ಓದಿನ ಅಭ್ಯಾಸ ಮನೆಯಲ್ಲೇ ಸಾಧ್ಯ. ಪ್ರಬಂಧಕ್ಕೆ ತಿದ್ದುವವರು ಬೇಕು.